ಜಪಾನಿ ಜಾನಪದ ಹಾಡನ್ನು ಹೌಸ್ ಬೀಟ್ (ಕ್ಲಬ್ಬುಗಳ ಡ್ಯಾನ್ಸ್ ಸಂಗೀತ) ಜೊತೆ ಬೆರೆಸೋಕೆ ಯಾವ ಸ್ಯಾಂಪಲ್ ಪ್ಯಾಕ್ (ಸಿದ್ಧ ಧ್ವನಿ ತುಣುಕುಗಳ ಕಟ್ಟು) ತಗೋಬೇಕು? ಸಂಪ್ರದಾಯ ಎಷ್ಟಿರಬೇಕು, ಡ್ಯಾನ್ಸ್ ಎಷ್ಟಿರಬೇಕು? (ನಾವಿಬ್ಬರೇ ತಂಡದಲ್ಲಿರೋದು, ಟೋಕಿಯೋದಲ್ಲಿದ್ದೇವೆ)

ಯಾವುದೂ ಬೇಡ. ದುಡ್ಡು ಜೇಬಲ್ಲೇ ಇರಲಿ.

ಆರು ವರ್ಷದ ಹಿಂದೆ ಟೋಕಿಯೋದ ನಿಶಿಕಸಾಯಿಯ ಒಂದು ಕೋಣೆಯ ಮನೆಯಲ್ಲಿ ನಾನೂ ಇದನ್ನೇ ಕೇಳ್ತಾ ಕೂತಿದ್ದೆ. ನಾನು ಲ್ಯಾಪ್‌ಟಾಪ್, ಆಫೀಸಿನ ಗೆಳೆಯ ಶಾಮಿಸೆನ್ ಅನ್ನೋ ಮೂರು ತಂತಿಯ ವಾದ್ಯ. ಹೌಸ್ ಸಂಗೀತಗಾರ ಸೋಯಿಚಿ ತೆರಾದ ಅವರ ಒಮೊದಾಕ ಅನ್ನೋ ಪ್ರಾಜೆಕ್ಟ್ ಕೇಳಿ ಹುಚ್ಚು ಹಿಡಿದಿತ್ತು. ವೇದಿಕೆಯಲ್ಲಿ ಅವರು ಮುಖವಾಡ ಹಾಕಿ ನಿಂತಿರುತ್ತಾರೆ, ಹಿಂದಿನ ಪರದೆಯ ವಿಡಿಯೋದಲ್ಲಿ ಗಾಯಕಿ ಅಕಿಕೊ ಕನಜಾವ ಮಿನ್ಯೋ, ಅಂದರೆ ಅಲ್ಲಿನ ಜನಪದ ಗೀತೆ, ಹಾಡುತ್ತಾರೆ. ನಮಗೂ ಆಗುತ್ತೆ ಅಂದುಕೊಂಡೆವು. ಬಹಳಷ್ಟು ಮಿನ್ಯೋಗಳ ಸ್ವರ ನಮ್ಮ ಶುದ್ಧ ಧನ್ಯಾಸಿ ರಾಗದವೇ. ಅದು ಗೊತ್ತಾದ ಮೇಲಂತೂ ನನಗೆ ಇನ್ನಷ್ಟು ಕೊಬ್ಬು ಬಂತು.

ಗೆಳೆಯನ ಪರಿಚಯದ ಹಿರಿಯ ಗಾಯಕಿಯೊಬ್ಬರು ಎಸಾಶಿ ಓಯಿವಾಕೆ ಹಾಡಿಕೊಟ್ಟರು. ಹೊಕ್ಕೈದೋದ ಎಸಾಶಿ ಊರಿನ ಹಾಡು. ಇದಕ್ಕೆ ತಾಳ ಇಲ್ಲ. ಏಳು ಸಾಲು, ಒಂದೊಂದು ಸಾಲಿಗೂ ಒಂದೇ ಉಸಿರು. ಶಾಕುಹಾಚಿ ಕೊಳಲು ನೆರಳಿನ ಹಾಗೆ ಹಿಂದೆ ಬರುತ್ತದೆ, ಪಕ್ಕದಲ್ಲಿ ಕೂತವರು ನಡುನಡುವೆ "ಸೋಯ್, ಸೋಯ್" ಅನ್ನುತ್ತಾರೆ.

ನಾನು ಮಾಡಿದ ತಪ್ಪು ಇಲ್ಲೇ, ಸ್ವಲ್ಪ ಬಿಡಿಸಿ ಹೇಳ್ತೇನೆ. ಬೀಟ್ 124 ಬಿಪಿಎಂ, ನಿಮಿಷಕ್ಕೆ 124 ಬಡಿತ. ಅದರಲ್ಲಿ 8 ಬಾರ್ (ನಾಲ್ಕು ಬಡಿತದ ಎಂಟು ಆವರ್ತ) ಅಂದರೆ ಹದಿನೈದೂವರೆ ಸೆಕೆಂಡು. ಅವರ ಒಂದು ಸಾಲು 18 ಸೆಕೆಂಡು, ಇನ್ನೊಂದು 23. ನಾನು ಎಲ್ಲವನ್ನೂ ವಾರ್ಪ್ ಮಾಡಿ, ಅಂದರೆ ಸಾಫ್ಟ್‌ವೇರ್‌ನಲ್ಲಿ ಹಾಡಿನ ಅವಧಿ ಬದಲಿಸಿ, 8 ಬಾರ್‌ಗೆ ಹಿಸುಕಿದೆ. ಮೊಮಿ ಅಂತಾರಲ್ಲ, ದನಿಯನ್ನು ಅಲೆ ಅಲೆಯಾಗಿ ತೂಗೋದು, ಅದು ವೇಗವಾಗಿ ಮೇಕೆ ಅರಚಿದ ಹಾಗಾಯಿತು. ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಪ್ರತಿ ಸಾಲಿಗೂ ಮೊದಲು ಅವರು ಉಸಿರು ಎಳೆದುಕೊಳ್ಳೋ ಸದ್ದನ್ನು "ನಾಯ್ಸ್" ಅಂತ ಏಳು ಕಡೆಯೂ ಕತ್ತರಿಸಿ ಬಿಸಾಕಿದೆ. ಉಸಿರಿನ ಮೇಲೇ ನಿಂತ ಹಾಡಿನಿಂದ ಉಸಿರನ್ನೇ ತೆಗೆದೆ! "ಸೋಯ್"ಗಳನ್ನು ಕ್ಲ್ಯಾಪ್ ಜಾಗಕ್ಕೆ ಹಾಕಿದೆ. ರಾಗ ಆಲಾಪನೆಗೆ ಯಾರಾದರೂ ಮೃದಂಗ ಬಾರಿಸಿದರೆ ಎದ್ದು ಹೋಗೋ ಮನುಷ್ಯ ನಾನು. ಇಲ್ಲಿ ಮಾತ್ರ ಅದು ಹೊಳೆಯಲೇ ಇಲ್ಲ.

ಒಂದು ನೆಲಮಾಳಿಗೆಯ ಲೈವ್ ಹೌಸ್‌ನಲ್ಲಿ, ಅಂದರೆ ಕಛೇರಿ ನಡೆಯೋ ಪುಟ್ಟ ಕ್ಲಬ್ಬಿನಲ್ಲಿ, ನುಡಿಸಿದೆವು. ಅಲ್ಲಿ ನೋರುಮ ಅಂತ ಇರುತ್ತದೆ, ಮಾರಾಟವಾಗದ ಟಿಕೆಟ್‌ಗೆ ನಾವೇ ದುಡ್ಡು ಕಟ್ಟಬೇಕು. 15ರಲ್ಲಿ 4 ಹೋದವು. ಉಳಿದ 11ಕ್ಕೆ 22,000 ಯೆನ್ ಕೈಯಿಂದ ಬಿತ್ತು. ಅದು ಬಿಡಿ. ಗಾಯಕಿ ಬಂದಿದ್ದರು. ಕೊನೆಗೆ ನಗುತ್ತಾ "ಓಮೊಶಿರೋಯಿ ದೆಸು ನೆ" ಅಂದರು, ಚೆನ್ನಾಗಿದೆ, ಮಜವಾಗಿದೆ ಅನ್ನೋ ಅರ್ಥ. ನಾನು ಖುಷಿಯಲ್ಲಿ ಮೂರು ಸಲ ತಲೆಬಾಗಿದೆ. ಮರುದಿನ ಗೆಳೆಯ ಕ್ಯಾಂಟೀನಿನಲ್ಲಿ ಊಟ ಮಾಡ್ತಾ ಆ ಮಾತಿನ ಅರ್ಥ ಬಿಡಿಸಿದ: ಇನ್ನು ಹಾಡಲ್ಲ ಅಂತ. ಹಾಡಲೂ ಇಲ್ಲ. ಆರು ತಿಂಗಳಲ್ಲಿ ಗೆಳೆಯನೂ ಬಿಟ್ಟ.

ಹಾಗಾಗಿ ಸಂಪ್ರದಾಯ ಎಷ್ಟು, ಡ್ಯಾನ್ಸ್ ಎಷ್ಟು ಅನ್ನೋ ನಿಮ್ಮ ಲೆಕ್ಕವನ್ನೇ ನಾನು ಒಪ್ಪಲ್ಲ. ಮಿನ್ಯೋದಲ್ಲಿ ಕುಣಿತದ ಹಾಡುಗಳು ಬೇಕಾದಷ್ಟಿವೆ. ಯಾಗಿಬುಶಿ ಅನ್ನೋ ಹಾಡಿಗೆ ಖಾಲಿ ಪೀಪಾಯಿ ಬಡಿಯುತ್ತಾರೆ, ಕಿಕ್ ಡ್ರಮ್ ಏನೂ ಬೇಕಿಲ್ಲ. ಒಸಾಕಾ ಕಡೆಯ ಕವಾಚಿ ಓಂದೊ ಅನ್ನೋ ಕುಣಿತದ ಹಾಡಿಗೆ ಎಲೆಕ್ಟ್ರಿಕ್ ಗಿಟಾರ್ ಬಂದು ದಶಕಗಳಾದವು. ಮಿನ್ಯೋ ಕ್ರುಸೇಡರ್ಸ್ ಅನ್ನೋ ಬ್ಯಾಂಡ್‌ನವರು ಕೊಲಂಬಿಯಾದ ಕುಂಬಿಯಾ ಲಯಕ್ಕೆ ಮಿನ್ಯೋ ಹಾಡುತ್ತಾರೆ, ಎಲ್ಲೂ ಹಿಸುಕಿದ ಹಾಗೆ ಕೇಳಿಸಲ್ಲ. ಓಯಿವಾಕೆನೇ ಬೇಕು ಅಂದರೆ ಬೀಟ್ ನಿಲ್ಲಿಸಿ, ಏಳು ಸಾಲೂ ಮುಗಿಯಲಿ, ಆಮೇಲೆ ಕಿಕ್ ಬರಲಿ. ವಾರ್ಪ್ ಬಟನ್ ಮುಟ್ಟಬೇಡಿ.

ಆಗಸ್ಟ್ ಕೊನೆಗೆ ಟೋಕಿಯೋದ ಕಿನ್ಶಿಚೋದಲ್ಲೇ ಕವಾಚಿ ಓಂದೊ ಹಬ್ಬ ಇರುತ್ತದೆ. ಇಬ್ಬರೂ ಹೋಗಿ, ರೆಕಾರ್ಡರ್ ಮನೆಯಲ್ಲಿ ಬಿಟ್ಟು, ಸುಮ್ನೆ ಎರಡು ಗಂಟೆ ಸಾಲಲ್ಲಿ ನಿಂತು ಕುಣಿಯಿರಿ. ಹತ್ತಿ ಬಟ್ಟೆ ಹಾಕಿಕೊಳ್ಳಿ, ಸೆಕೆ ಜಾಸ್ತಿ.