ಮಂಡಿ ನೋವಿನ ಅಮ್ಮನಿಗೆ ಡಿಸ್ನಿ ತೋರಿಸುವುದು ಹೇಗೆ?

ಪ್ರಶ್ನೆ: ಹಾಸನದಿಂದ ಅಮ್ಮ ಡಲ್ಲಾಸ್‌ಗೆ ಬಂದಿದ್ದಾರೆ. ಮಕ್ಕಳ ಜೊತೆ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗಬೇಕು ಅಂತಿದೆ. ಅಮ್ಮನ ಮಂಡಿ ಸವೆದಿದೆ. ಮನೆಯೊಳಗೆ ಓಡಾಡುತ್ತಾರೆ, ಜಾಸ್ತಿ ನಡೆಯಲು ಆಗುವುದಿಲ್ಲ. ವೀಲ್‌ಚೇರ್ ಅಂದರೆ "ನಾನೇನು ರೋಗಿಷ್ಟೆಯಾ?" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಏನು ಮಾಡಲಿ?

ಉತ್ತರ: ವೀಲ್‌ಚೇರೋ, ಕೂತು ಓಡಿಸುವ ಬ್ಯಾಟರಿ ಸ್ಕೂಟರೋ, ಒಂದು ಗಾಡಿ ತಗೊಳ್ಳಿ, ಎರಡನೇ ಮಾತೇ ಬೇಡ. ಡಿಸ್ನಿ ವರ್ಲ್ಡ್‌ನ ಎಪ್‌ಕಾಟ್ ಪಾರ್ಕಿನಲ್ಲಿ ಕೆರೆಯ ಸುತ್ತ ಬೇರೆ ಬೇರೆ ದೇಶಗಳ ಮಂಟಪಗಳಿವೆ, ಅವನ್ನು ಒಂದು ಸುತ್ತು ಹಾಕಿದರೇ ಹತ್ತಿರ ಹತ್ತಿರ 2 ಕಿಲೋಮೀಟರ್. ಅದು ಒಂದು ಪಾರ್ಕಿನ ಅರ್ಧ ಭಾಗ, ಅಂಥ ಪಾರ್ಕು ಅಲ್ಲಿ 4 ಇವೆ. ಮಂಡಿ ಗಟ್ಟಿ ಇರುವವರೇ ಸಂಜೆಗೆ ಕಾಲು ಹಿಡಿದು ಕೂರುತ್ತಾರೆ, ಅಲ್ವಾ? ಅಮ್ಮನಿಗೆ ಈ ಲೆಕ್ಕ ಹೇಳಿ. ಬೇಕೆನಿಸಿದಾಗ ಎದ್ದು ನಾಲ್ಕು ಹೆಜ್ಜೆ ನಡೆಯಲಿ, ಯಾರೂ ಏನೂ ಕೇಳುವುದಿಲ್ಲ.

ಮಕ್ಕಳನ್ನು ಕೂರಿಸಿ ತಳ್ಳುವ ಸ್ಟ್ರಾಲರ್ ಇದ್ದರೆ ವೀಲ್‌ಚೇರ್ ತಳ್ಳಲು ಕೈ ಸಾಲದು. ನನ್ನ ಓಟು ಸ್ಕೂಟರ್‌ಗೆ. ಲಿವರ್ ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ವೇಗದ ಗುಂಡಿಯ ಒಂದು ಕಡೆ ಆಮೆ, ಇನ್ನೊಂದು ಕಡೆ ಮೊಲದ ಚಿತ್ರ ಸಾಮಾನ್ಯವಾಗಿ ಇರುತ್ತದೆ. ಜನರ ನಡುವೆ ಆಮೆ ಕಡೆಗೇ ಇರಲಿ, ಇಲ್ಲದಿದ್ದರೆ ಮುಂದೆ ಹೋಗುವವರ ಹಿಮ್ಮಡಿಗೆ ತಾಗಿಬಿಡುತ್ತದೆ. ಮೊದಲ ದಿನ ಹೋಟೆಲ್ ಅಂಗಳದಲ್ಲಿ ಸುಮ್ನೆ ಎರಡು ಸುತ್ತು ಓಡಿಸಲಿ.

ಪಾರ್ಕಿನ ಒಳಗೂ ಬಾಡಿಗೆಗೆ ಸಿಗುತ್ತದೆ, ಆದರೆ ಮೊದಲು ಬಂದವರಿಗೆ ಮೊದಲು, ಮತ್ತು ಅದನ್ನು ಹೊರಗೆ ತರುವಂತಿಲ್ಲ. ಅಂದರೆ ಬಸ್ಸಿಂದ ಗೇಟಿನವರೆಗೆ ಅಮ್ಮ ನಡೆದೇ ಹೋಗಬೇಕು, ನೋವು ಶುರುವಾಗುವುದೇ ಅಲ್ಲಿ. ಡಿಸ್ನಿ ಪಕ್ಕದ ಒರ್ಲಾಂಡೊ ಊರಿನಲ್ಲಿ ಹೋಟೆಲ್‌ಗೇ ತಂದುಕೊಡುವ ಬಾಡಿಗೆ ಕಂಪನಿಗಳಿವೆ, ಅವರಿಂದಲೇ ತಗೊಳ್ಳಿ. ಡಿಸ್ನಿ ಬಸ್ಸುಗಳಿಗೆ ಸ್ಕೂಟರ್ ಹತ್ತಿಸಲು ರ‍್ಯಾಂಪ್ ಇದೆ. ರಾತ್ರಿ ಮಲಗುವ ಮುಂಚೆ ಚಾರ್ಜ್‌ಗೆ ಹಾಕುವುದನ್ನು ಮಾತ್ರ ಮರೆಯಬೇಡಿ.

ಗಾಡಿ ಇದೆ ಅಂತ ಕ್ಯೂ ತಪ್ಪುವುದಿಲ್ಲ, ಅದನ್ನು ನಂಬಿಕೊಂಡು ಹೋಗಬೇಡಿ. ಅನಿಮಲ್ ಕಿಂಗ್‌ಡಮ್ ಪಾರ್ಕಿನ ಸಫಾರಿಗೆ ಸ್ಕೂಟರ್‌ನಲ್ಲೇ ಹತ್ತುವಂತಿಲ್ಲ, ವೀಲ್‌ಚೇರ್‌ಗೆ ಬದಲಾಯಿಸಿಕೊಂಡರೆ ಕೂತಲ್ಲೇ ಕೂತು ಜಿರಾಫೆ ನೋಡಬಹುದು. ಅಮ್ಮನಿಗೆ ಇದು ಖಂಡಿತ ಇಷ್ಟವಾಗುತ್ತದೆ. ಪೀಟರ್ ಪ್ಯಾನ್ ರೈಡ್ ಬಿಟ್ಟುಬಿಡಿ. ಅಲ್ಲಿ ಚಲಿಸುವ ಪಟ್ಟಿಯ ಮೇಲೆ ನಡೆದು ಹತ್ತಬೇಕು, ಮಂಡಿ ನೋವಿದ್ದವರಿಗೆ ಅದು ಬೇಡವೇ ಬೇಡ.

ಪ್ರಶ್ನೆ: ಮಗಳಿಗೆ 14 ವರ್ಷ, ಅವಳದ್ದೇ ಬ್ಯಾಟರಿ ವೀಲ್‌ಚೇರ್ ಇದೆ. ನ್ಯೂಜೆರ್ಸಿಯಿಂದ ಡಿಸ್ನಿಗೆ ಅದನ್ನೇ ಒಯ್ಯಬೇಕಾ, ಅಲ್ಲಿ ಸ್ಕೂಟರ್ ಬಾಡಿಗೆ ತಗೊಳ್ಳಬೇಕಾ?

ಉತ್ತರ: ಡಿಸ್ನಿಯ ಬಾಡಿಗೆ ಸ್ಕೂಟರ್ ಓಡಿಸಲು 18 ತುಂಬಿರಬೇಕು, ಹಾಗಾಗಿ ಅವಳದ್ದೇ ಒಯ್ಯಿರಿ. ಅವಳ ಮೈಗೆ ಹೊಂದಿದ ಕುರ್ಚಿ, ದಿನವಿಡೀ ಕೂರಲು ಅದೇ ವಾಸಿ. ಪಾರ್ಕಿಗೆ ತರುವ ಗಾಡಿ 36 ಇಂಚು ಅಗಲ, 52 ಇಂಚು ಉದ್ದ ಮೀರಬಾರದು. ವಿಮಾನದಲ್ಲಿ ಹೋಗುವುದಾದರೆ ಬ್ಯಾಟರಿ ಯಾವ ಬಗೆಯದು, ಎಷ್ಟು ವಾಟ್-ಅವರ್ (ಬ್ಯಾಟರಿಯ ಶಕ್ತಿಯ ಅಳತೆ) ಅಂತ ಬ್ಯಾಟರಿಯ ಮೇಲೆ ಬರೆದಿರುವುದರ ಫೋಟೋ ತೆಗೆದಿಟ್ಟುಕೊಂಡು, ಟಿಕೆಟ್ ಮಾಡುವಾಗಲೇ ವಿಮಾನ ಕಂಪನಿಗೆ ತಿಳಿಸಿಬಿಡಿ.