ಕುದುರೆಗೆ ಎಂಆರ್‌ಐ: ವಿಮೆ ಕಂಪನಿ ದುಡ್ಡು ಕೊಡುತ್ತಾ?

ಪ್ರಶ್ನೆ: ನಾವು ಮೈಸೂರಿನವರು, ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ಸರ್ರಿಯಲ್ಲಿದ್ದೇವೆ. ಮಗಳ ಕುದುರೆಗೆ ಹದಿಮೂರು ವರ್ಷ. ಮೂರು ವಾರದಿಂದ ಬಲ ಮುಂಗಾಲು ಕುಂಟುತ್ತಿದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಗೊರಸಿನ ಎಂಆರ್‌ಐ ಮಾಡಿಸಿ, 1,600 ಪೌಂಡ್ ಆಗುತ್ತದೆ ಅಂದಿದ್ದಾರೆ ಡಾಕ್ಟರು. ಪಾಲಿಸಿಯಲ್ಲಿ ಚಿಕಿತ್ಸೆಗೆ 5,000 ಪೌಂಡ್ ಅಂತ ಇದೆ. ಧೈರ್ಯವಾಗಿ ಮಾಡಿಸಬಹುದಲ್ವಾ? ಇನ್ನೊಂದು ವಿಷಯ. ಚಳಿಗಾಲದಲ್ಲೇ ಲಾಳ ಹೊಡೆಯುವವರು ‘ಈ ಕಾಲು ಊರೋಕೆ ಸ್ವಲ್ಪ ಹಿಂಜರಿಯುತ್ತೆ’ ಅಂದಿದ್ದರು. ಎರಡೇ ದಿನದಲ್ಲಿ ಸರಿಹೋಯಿತು, ನಾವು ಯಾರಿಗೂ ಹೇಳಲಿಲ್ಲ. ಏಪ್ರಿಲ್‌ನಲ್ಲಿ ಪಾಲಿಸಿ ನವೀಕರಿಸಿದೆವು. ಅದನ್ನು ಈಗ ಹೇಳಲೇಬೇಕಾ?
– ಒಬ್ಬ ತಾಯಿ, ಸರ್ರಿ

ಉತ್ತರ: ಮಾಡಿಸಿ ಅಮ್ಮ, ಆದರೆ ನಾಳೆಯೇ ಬೇಡ. ಮೊದಲು ಕಂಪನಿಗೆ ಇಮೇಲ್ ಹಾಕಿ, ‘ಈ ಸ್ಕ್ಯಾನ್‌ಗೆ ಒಪ್ಪಿಗೆ ಇದೆ, ಇಷ್ಟು ದುಡ್ಡು ಕೊಡುತ್ತೇವೆ’ ಅಂತ ಅವರಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಫೋನ್‌ನಲ್ಲಿ ‘ಆಯ್ತು’ ಅಂದರೆ ಸಾಲದು. ಇದನ್ನು ಪೆಟ್ಟು ತಿಂದು ಕಲಿತವನು ನಾನು. ಕೆಲವು ವರ್ಷದ ಹಿಂದೆ ನನ್ನ ಹೆಣ್ಣುಕುದುರೆಗೆ ಮೈಯೆಲ್ಲಾ ಗಾಮಾ ಸ್ಕ್ಯಾನ್ ಮಾಡಿಸಿದೆ. ಟೆಕ್ನೀಷಿಯಂ ಅನ್ನೋ ವಿಕಿರಣ ವಸ್ತುವನ್ನು ರಕ್ತಕ್ಕೆ ಚುಚ್ಚಿ ಮೂಳೆಗಳನ್ನು ನೋಡುವ ಸ್ಕ್ಯಾನ್ ಅದು. ಅದರ ಶಕ್ತಿ 6 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ, ಅದು ಸಾಕಷ್ಟು ಇಳಿಯುವವರೆಗೂ ಕುದುರೆಯನ್ನು ಅಲ್ಲೇ ಬೇರೆ ಲಾಯದಲ್ಲಿ ಕಟ್ಟುತ್ತಾರೆ, ಹತ್ತಿರ ಹೋಗಿ ಒಮ್ಮೆ ಮುಟ್ಟೋಕೂ ಬಿಡುವುದಿಲ್ಲ. ಫೋನ್‌ನಲ್ಲಿ ಹೂಂ ಅಂದಿದ್ದ ಕಂಪನಿ ಆಮೇಲೆ ‘ಕುಂಟುತ್ತಿದ್ದದ್ದು ಹಿಂಗಾಲು, ಬೆನ್ನು ಮತ್ತು ಕುತ್ತಿಗೆಯ ಸ್ಕ್ಯಾನ್‌ಗೆ ನಾವು ಯಾಕೆ ಕೊಡಬೇಕು’ ಅಂದಿತು. ಅರ್ಧ ಬಿಲ್ ಕೈಯಿಂದ ಕಟ್ಟಿದೆ.

ಈಗ ನಿಮ್ಮ 5,000 ಪೌಂಡಿನ ಲೆಕ್ಕ ನೋಡೋಣ. ಅದು ಬರೀ ಔಷಧಿಗೆ ಅಂತ ಇಟ್ಟ ದುಡ್ಡಲ್ಲ. ಈ ಒಂದು ತೊಂದರೆಗೆ ಪರೀಕ್ಷೆ, ಸ್ಕ್ಯಾನ್, ಇಂಜೆಕ್ಷನ್, ಮತ್ತೆ ಪರೀಕ್ಷೆ, ಎಲ್ಲವೂ ಅದೇ ಗಂಟಿನಿಂದ ಹೋಗಬೇಕು. ಇಲ್ಲಿಯವರೆಗಿನ ತಪಾಸಣೆ, ಎಕ್ಸ್‌ರೇಗೆ 850 ಪೌಂಡ್ ಆಗಿದೆ ಅಂತ ಇಟ್ಟುಕೊಳ್ಳಿ. ಸ್ಕ್ಯಾನ್ ಸೇರಿದರೆ 2,450. ಚಿಕಿತ್ಸೆ ಇನ್ನೂ ಶುರುವೇ ಆಗಿಲ್ಲ, ಆಗಲೇ ಗಂಟು ಹೆಚ್ಚುಕಡಿಮೆ ಅರ್ಧ ಕರಗಿತು. ಪ್ರತಿ ಕ್ಲೇಮಿನಲ್ಲೂ ನೀವು ಕಟ್ಟಬೇಕಾದ ಮೊದಲ ಪಾಲು ಬೇರೆ ಇರುತ್ತದೆ. ಕೆಲವು ಪಾಲಿಸಿಗಳಲ್ಲಿ ಎಂಆರ್‌ಐ, ಸಿಟಿ, ಗಾಮಾ ಸ್ಕ್ಯಾನ್‌ಗೆ ಅಂತಲೇ ಒಳಗೊಂದು ಸಣ್ಣ ಮಿತಿ ಇಟ್ಟಿರುತ್ತಾರೆ. ಅದು ಮೊದಲ ಪುಟದ ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ, ಚಿಕಿತ್ಸಾ ವೆಚ್ಚದ ಷರತ್ತುಗಳ ಒಳಗೆ ಇರುತ್ತದೆ. ಆ ಮಿತಿ 1,000 ಪೌಂಡ್ ಅಂತಿದ್ದರೆ 600 ನಿಮ್ಮ ತಲೆಗೇ ಬಂತು. ಇವತ್ತೇ ಹುಡುಕಿ.

ಡಾಕ್ಟರು ಸುಮ್ನೆ ಖರ್ಚು ಮಾಡಿಸುತ್ತಿದ್ದಾರೆ ಅನ್ನೋ ಅನುಮಾನ ಬೇಡ. ಗೊರಸು ಅಂದರೆ ಗಟ್ಟಿ ಡಬ್ಬಿ ಇದ್ದ ಹಾಗೆ. ಎಕ್ಸ್‌ರೇಗೆ ಮೂಳೆ ಕಾಣುತ್ತದೆ, ಅದರ ಹಿಂದೆ ಹಾದುಹೋಗುವ ಸ್ನಾಯುರಜ್ಜು ಕಾಣುವುದಿಲ್ಲ. ಅಲ್ಟ್ರಾಸೌಂಡ್ ಆ ಡಬ್ಬಿಯನ್ನು ದಾಟುವುದೇ ಕಷ್ಟ. ಆದರೆ ಕಂಪನಿ ಒಂದು ಪ್ರಶ್ನೆ ಕೇಳುತ್ತದೆ: ನೋವು ಗೊರಸಿನಲ್ಲೇ ಇದೆ ಅಂತ ಹೇಗೆ ಗೊತ್ತಾಯಿತು? ಅದಕ್ಕೆ ಉತ್ತರ ನರ್ವ್ ಬ್ಲಾಕ್. ಗೊರಸಿನ ಹಿಂಭಾಗದ, ಅಂದರೆ ಅದರ ಹಿಮ್ಮಡಿಯ ಹತ್ತಿರ ಮರಗಟ್ಟಿಸುವ ಸೂಜಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಓಡಿಸಿದಾಗ ಕುಂಟು ಮಾಯವಾದರೆ ನೋವು ಆ ಭಾಗದ್ದೇ. ಎಷ್ಟೋ ಸಲ ಬಲಗಾಲು ಸರಿಯಾದ ಕೂಡಲೇ ಎಡಗಾಲು ಕುಂಟೋಕೆ ಶುರುವಾಗುತ್ತದೆ, ಅಂದರೆ ಎರಡೂ ಕಡೆ ನೋವಿತ್ತು ಅಂತ. ಬ್ಲಾಕ್ ಮಾಡಿದ್ದರೆ ಅದರ ವಿವರ ನಿಮ್ಮ ಇಮೇಲ್ ಜೊತೆ ಹೋಗಲಿ. ಮಾಡಿಲ್ಲದಿದ್ದರೆ ಯಾಕೆ ಮಾಡಿಲ್ಲ ಅಂತ ಡಾಕ್ಟರನ್ನು ಕೇಳಿ.

ಲಾಳದವರ ಮಾತನ್ನು ಹೇಳಲೇಬೇಕಾ ಅಂತ ಕೇಳಿದ್ದೀರಿ. ಹೇಳಿ, ಮುಚ್ಚಿಡಬೇಡಿ. ನವೀಕರಣದ ಫಾರಂ ತೆಗೆದು ನೋಡಿ, ಕುಂಟಿನ ಬಗ್ಗೆ ಅಲ್ಲಿ ಏನು ಕೇಳಿದ್ದರು? ಅಲ್ಲಿನ 2012ರ ಗ್ರಾಹಕ ವಿಮಾ ಕಾಯ್ದೆ ಪ್ರಕಾರ, ಕೇಳಿದ ಪ್ರಶ್ನೆಗೆ ನೀವು ಸಾಕಷ್ಟು ಎಚ್ಚರದಿಂದ ಉತ್ತರಿಸಿದ್ದರೆ ಸಾಕು. ಅವರು ಕೇಳದೇ ಇದ್ದದ್ದನ್ನು ನೀವಾಗಿ ಹೇಳಲಿಲ್ಲ ಅಂತ ಕ್ಲೇಮು ತಳ್ಳುವ ಹಾಗಿಲ್ಲ. ಅಜಾಗ್ರತೆಯಿಂದ ತಪ್ಪು ಉತ್ತರ ಕೊಟ್ಟಿದ್ದರೆ ದುಡ್ಡು ಕಡಿಮೆ ಆಗಬಹುದು. ಬೇಕಂತಲೇ ಮುಚ್ಚಿಟ್ಟರೆ ಪಾಲಿಸಿಯನ್ನೇ ರದ್ದು ಮಾಡುತ್ತಾರೆ. ಎರಡು ದಿನದ ಸಣ್ಣ ತೊಂದರೆ ಇವತ್ತು ಹೇಳಿದರೆ ಸಣ್ಣದಾಗೇ ಉಳಿಯುತ್ತದೆ. ನಾಳೆ ಅವರೇ ದಾಖಲೆಯಲ್ಲಿ ಕಂಡುಹಿಡಿದರೆ ಅದೇ ದೊಡ್ಡದಾಗುತ್ತದೆ.

ತಾರೀಕಿನ ಮೇಲೂ ಕಣ್ಣಿಡಿ. ಹೆಚ್ಚಿನ ಪಾಲಿಸಿಗಳು ಒಂದು ತೊಂದರೆಗೆ 12 ತಿಂಗಳು ಮಾತ್ರ ದುಡ್ಡು ಕೊಡುತ್ತವೆ. ಆ ವರ್ಷ ಎಣಿಸುವುದು ಸ್ಕ್ಯಾನ್ ದಿನದಿಂದ ಅಲ್ಲ, ಮೊದಲ ಲಕ್ಷಣ ಕಂಡ ದಿನದಿಂದ. ಮುಂದಿನ ನವೀಕರಣದಲ್ಲಿ ಆ ಕಾಲನ್ನು, ಕೆಲವೊಮ್ಮೆ ಎರಡೂ ಮುಂಗಾಲನ್ನು ಪಾಲಿಸಿಯಿಂದ ಹೊರಗಿಡುತ್ತಾರೆ. ಹಾಗಾಗಿ ಮಾಡಿಸಬೇಕಾದ ಚಿಕಿತ್ಸೆಯನ್ನು ಮುಂದೂಡಬೇಡಿ. ಕಂಪನಿ ಇಲ್ಲ ಅಂದರೆ ಮೊದಲು ಅವರಿಗೇ ದೂರು ಬರೆಯಿರಿ. ಉತ್ತರಕ್ಕೆ 8 ವಾರ ಗಡುವು. ಆ ಉತ್ತರವೂ ಸರಿ ಕಾಣದಿದ್ದರೆ 6 ತಿಂಗಳೊಳಗೆ ಫೈನಾನ್ಶಿಯಲ್ ಒಂಬುಡ್ಸ್‌ಮನ್ ಸರ್ವಿಸ್‌ಗೆ (ವಿಮೆ, ಬ್ಯಾಂಕ್ ದೂರುಗಳನ್ನು ತೀರ್ಮಾನಿಸುವ ಅಲ್ಲಿನ ಸ್ವತಂತ್ರ ಸಂಸ್ಥೆ) ಹೋಗಬಹುದು, ಅದಕ್ಕೆ ಶುಲ್ಕ ಇಲ್ಲ.

ಸ್ಕ್ಯಾನ್ ದಿನ ಮಗಳನ್ನೂ ಕರೆದುಕೊಂಡು ಹೋಗಿ. ಮೊದಲು ಲಾಳ ಕೀಳುತ್ತಾರೆ, ಮೊಳೆಯ ಚೂರು ಉಳಿದರೂ ಚಿತ್ರ ಹಾಳಾಗುತ್ತದೆ. ಆಮೇಲೆ ಮತ್ತಿನ ಔಷಧಿ ಕೊಡುತ್ತಾರೆ. ಈಗ ಕುದುರೆ ನಿಂತಿದ್ದಂತೆಯೇ ಎಂಆರ್‌ಐ ಮಾಡುವ ಯಂತ್ರಗಳಿವೆ. ತಲೆ ಮೊಣಕಾಲಿನವರೆಗೆ ಇಳಿದು, ಕೆಳತುಟಿ ಜೋತುಬಿದ್ದು, ಕುದುರೆ ತೂಗುತ್ತಾ ನಿಂತಿರುತ್ತದೆ. ಮಗು ಹೆದರಬಾರದು, ಮೊದಲೇ ಹೇಳಿಡಿ.

ಪ್ರಶ್ನೆ: ಬೆಂಗಳೂರಿನ ರೈಡಿಂಗ್ ಸ್ಕೂಲಿನಲ್ಲಿ ಸ್ವಂತ ಕುದುರೆ ಇಟ್ಟಿದ್ದೇನೆ. ನಮ್ಮಲ್ಲೂ ಸ್ಕ್ಯಾನ್‌ಗೆ ವಿಮೆ ಸಿಗುತ್ತಾ?
– ಓದುಗ, ಹೆಬ್ಬಾಳ

ಉತ್ತರ: ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಕುದುರೆ ಪಾಲಿಸಿ ಜಾನುವಾರು ವಿಮೆಯ ಜಾತಿಯದು. ಅಪಘಾತ ಅಥವಾ ರೋಗದಿಂದ ಸತ್ತರೆ ದುಡ್ಡು. ಜಾಸ್ತಿ ಕಂತು ಕಟ್ಟಿದರೆ ಶಾಶ್ವತವಾಗಿ ಕೆಲಸಕ್ಕೆ ಬಾರದಂತೆ ಆದಾಗಲೂ ದುಡ್ಡು. ಸ್ಕ್ಯಾನ್ ಬಿಲ್ಲು ಅದರಲ್ಲಿ ಬರುವುದಿಲ್ಲ ಅಂತಲೇ ಲೆಕ್ಕ ಹಾಕಿ, ತಿಂಗಳಿಗೆ ಇಷ್ಟು ಅಂತ ಬೇರೆ ಎತ್ತಿಡಿ. ಪಾಲಿಸಿ ಮಾಡಿಸುವ ದಿನ ಎದುರಿಗೇ ನಿಂತು ಬಣ್ಣ, ಹಣೆಯ ಬಿಳಿ ಗುರುತು, ಸುಳಿಗಳು, ಮೈಕ್ರೋಚಿಪ್ ಇದ್ದರೆ ಅದರ ನಂಬರು, ಎಲ್ಲವನ್ನೂ ಹಾಳೆಯಲ್ಲಿ ಬರೆಸಿ. ಕ್ಲೇಮು ಹಾಕಿದಾಗ ಅವರು ಮೊದಲು ಕೇಳುವುದೇ ಇದು ಅದೇ ಕುದುರೆಯಾ ಅಂತ.