ಆ್ಯಪ್‌ನಲ್ಲಿ 85%, ನೋಟ್‌ಬುಕ್ಕಿನಲ್ಲಿ ತಪ್ಪು: ಯಾವುದನ್ನು ನಂಬಬೇಕು?

ಪ್ರಶ್ನೆ: ನಾನು 6ನೇ ತರಗತಿಗೆ ಗಣಿತ ಕಲಿಸುತ್ತೇನೆ. ಟ್ಯಾಬ್‌ನಲ್ಲಿ ಅಭ್ಯಾಸ ಮಾಡುವ ಮಕ್ಕಳಿಗೆ ‘ಭಿನ್ನರಾಶಿ ಸಾಮರ್ಥ್ಯ 85%’ ಎಂದು ಆ್ಯಪ್ ತೋರಿಸುತ್ತದೆ. ಅದೇ ಮಕ್ಕಳು ನೋಟ್‌ಬುಕ್ಕಿನಲ್ಲಿ ಲೆಕ್ಕ ತಪ್ಪುತ್ತಾರೆ. ನಾವೇ ಒಂದು ಸಾಮರ್ಥ್ಯ ಪಟ್ಟಿ ಮಾಡಿಕೊಂಡು ಅಳೆಯಬಹುದೇ?

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ಅಲ್ಲಿಯವರೆಗೆ ನೋಟ್‌ಬುಕ್ಕನ್ನೇ ನಂಬಿ. ‘ಭಿನ್ನರಾಶಿ’ ಎನ್ನುವುದು ಪಾಠದ ಹೆಸರು, ಅದು ಒಂದು ಸಾಮರ್ಥ್ಯವಲ್ಲ. ಅದರೊಳಗಿನ ಎಲ್ಲ ಕೌಶಲಗಳ ಸರಾಸರಿ ತೆಗೆದರೆ, ಬಾರದ ಒಂದು ಕೌಶಲ ಬರುವ ಉಳಿದವುಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ.

5 1/3 − 2 3/4 ಲೆಕ್ಕವನ್ನೇ ನೋಡಿ. ಲ.ಸಾ.ಅ. ಹುಡುಕಬೇಕು, ಸಮಾನ ಭಿನ್ನರಾಶಿ ಬರೆಯಬೇಕು, ಪೂರ್ಣಾಂಕದಿಂದ ಎರವಲು ಪಡೆಯಬೇಕು, ಆಮೇಲೆ ಕಳೆಯಬೇಕು. ಸರಿ ಉತ್ತರ 2 7/12. 3 5/12 ಬರೆದ ಮಗುವಿಗೆ ಮೊದಲೆರಡು ಕೌಶಲ ಬಂದಿವೆ. 1/3 ಅನ್ನು 4/12, 3/4 ಅನ್ನು 9/12 ಮಾಡಿಕೊಂಡು, 4ರಿಂದ 9 ಹೋಗುವುದಿಲ್ಲವೆಂದು 9ರಿಂದ 4 ಕಳೆದಿದೆ. 2 5/12 ಬರೆದ ಮಗು ಎರವಲು ಪಡೆದಿದೆ, ಆದರೆ 12 ಸೇರಿಸುವ ಕಡೆ ಹಳೆಯ ರೂಢಿಯಂತೆ 10 ಸೇರಿಸಿ 14 ಮಾಡಿಕೊಂಡಿದೆ. 3 2/1 ಬಂದರೆ ಅಂಶದಿಂದ ಅಂಶ, ಛೇದದಿಂದ ಛೇದ ಕಳೆದಿದೆ ಎಂದರ್ಥ. ಆ ಮಗುವಿಗೆ ಛೇದ ಎಂದರೇನು ಎಂಬಲ್ಲಿಂದಲೇ ಶುರು ಮಾಡಬೇಕು. ಸರಿ-ತಪ್ಪು ಮಾತ್ರ ಎಣಿಸುವ ಆ್ಯಪ್‌ಗೆ ಈ ಮೂರೂ ಒಂದೇ. ಹಾಗಾಗಿ ತಪ್ಪು ಉತ್ತರವನ್ನು ಇದ್ದಂತೆಯೇ ದಾಖಲಿಸಿ. ನಿಮ್ಮ ಸಾಮರ್ಥ್ಯ ಪಟ್ಟಿಗೆ ನಿಜವಾದ ಬೆಲೆ ಬರುವುದೇ ಅಲ್ಲಿಂದ.

ಪಟ್ಟಿಗೆ ಎನ್‌ಸಿಇಆರ್‌ಟಿಯ ಕಲಿಕಾ ಫಲಗಳಿಂದ ಆರಂಭಿಸಿ. ಅವು ಅಳೆಯಲು ತೀರಾ ಅಗಲ, ಒಂದೊಂದನ್ನೂ ಮೂರರಿಂದ ಐದು ಕೌಶಲಗಳಾಗಿ ಒಡೆಯಿರಿ. ಎಕ್ಸೆಲ್‌ನಲ್ಲಿ ಪ್ರಶ್ನೆಗಳಿಗೆ ಅಡ್ಡಸಾಲು, ಕೌಶಲಗಳಿಗೆ ಕಂಬಸಾಲು; ಪ್ರಶ್ನೆಗೆ ಆ ಕೌಶಲ ಬೇಕಾದ ಕಡೆ 1, ಬೇಡದ ಕಡೆ 0. ಇದಕ್ಕೆ ಕ್ಯೂ-ಮ್ಯಾಟ್ರಿಕ್ಸ್ ಎನ್ನುತ್ತಾರೆ. ಪ್ರತಿ ಕೌಶಲ ಕನಿಷ್ಠ ಮೂರು ಪ್ರಶ್ನೆಗಳಲ್ಲಿ ಬರಲಿ, ಅವುಗಳಲ್ಲಿ ಒಂದಾದರೂ ಅದನ್ನು ಮಾತ್ರ ಕೇಳಲಿ. ‘1/3 = ?/12’ ಸಮಾನ ಭಿನ್ನರಾಶಿಯನ್ನು ಕೇಳುತ್ತದೆ, ‘5 4/12 = 4 ?/12’ ಎರವಲನ್ನು. ಎರಡು ಕಂಬಸಾಲುಗಳಲ್ಲಿ 1, 0 ಒಂದೇ ಥರ ಬಿದ್ದಿದ್ದರೆ ಆ ಎರಡು ಕೌಶಲಗಳನ್ನು ಯಾವ ಲೆಕ್ಕಾಚಾರವೂ ಬೇರ್ಪಡಿಸಲಾರದು. ಹೆಚ್ಚಿನ ಪಟ್ಟಿಗಳು ಕೆಡುವುದು ಇಲ್ಲೇ.

‘ಬಂತು’ ಎಂದು ಯಾವಾಗ ಹೇಳಬೇಕು? ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಾರ್ಬೆಟ್ ಮತ್ತು ಆ್ಯಂಡರ್ಸನ್ 1990ರ ದಶಕದಲ್ಲಿ ಕೊಟ್ಟ ವಿಧಾನ (ಬೇಸಿಯನ್ ನಾಲೆಡ್ಜ್ ಟ್ರೇಸಿಂಗ್) ಇಂದಿಗೂ ಬಳಕೆಯಲ್ಲಿದೆ. ಮಗುವಿಗೆ ಕೌಶಲ ಬಂದಿರುವ ಸಂಭವವನ್ನು ಅದು ಪ್ರತಿ ಉತ್ತರದ ನಂತರ ಹೊಸದಾಗಿ ಅಂದಾಜಿಸುತ್ತದೆ. ಅದಕ್ಕೆ ನಾಲ್ಕು ಸಂಖ್ಯೆ ಬೇಕು: ಮೊದಲೇ ಗೊತ್ತಿರುವ ಸಂಭವ (0.3 ಎನ್ನೋಣ), ಪ್ರತಿ ಪ್ರಶ್ನೆಯಲ್ಲಿ ಕಲಿಯುವ ಸಂಭವ (0.1), ಗೊತ್ತಿದ್ದೂ ತಪ್ಪುವ ಸಂಭವ (0.1), ಗೊತ್ತಿಲ್ಲದೆ ಊಹಿಸಿ ಸರಿ ಹೇಳುವ ಸಂಭವ. ನಾಲ್ಕು ಆಯ್ಕೆಯ ಪ್ರಶ್ನೆಯಾದರೆ ಈ ಕೊನೆಯದು 0.25. ಸತತ ಮೂರು ಸರಿ ಉತ್ತರಕ್ಕೆ ಅಂದಾಜು 0.65, 0.88, 0.97 ಎಂದು ಏರುತ್ತದೆ. ರೂಢಿಯ ಗಡಿ 0.95 ದಾಟಿತು. ಮೂರನೆಯದು ತಪ್ಪಿದರೆ 0.55ಕ್ಕೆ ಇಳಿಯುತ್ತದೆ. ಉತ್ತರವನ್ನು ಮಗುವೇ ಬರೆಯುವಂತಿದ್ದು ಊಹೆಯ ಸಂಭವ 0.05 ಆದರೆ ಎರಡೇ ಸರಿ ಉತ್ತರಕ್ಕೆ 0.99 ಆಗುತ್ತದೆ. ಅಂದರೆ ಬರೆದು ಉತ್ತರಿಸುವ ಎರಡು ಪ್ರಶ್ನೆ ಟಿಕ್ ಹಾಕುವ ಮೂರಕ್ಕಿಂತ ಹೆಚ್ಚು ಹೇಳುತ್ತವೆ. ಒಂದಕ್ಕಿಂತ ಹೆಚ್ಚು ಕೌಶಲ ಬೇಡುವ ಪ್ರಶ್ನೆ ತಪ್ಪಾದಾಗ ಈ ಸೂತ್ರವನ್ನು ನೇರವಾಗಿ ಹಾಕಬೇಡಿ. ತಪ್ಪು ಯಾವ ಕೌಶಲದ್ದು ಎಂದು ಉತ್ತರ ನೋಡಿ ನೀವೇ ಗುರುತಿಸಿ.

ಸುಳಿವು ನೋಡಿ ಬರೆದ ಉತ್ತರವನ್ನು ಸರಿ ಎಂದು ಎಣಿಸಬೇಡಿ. ನಿಮ್ಮ ಆ್ಯಪ್ ಎಣಿಸುತ್ತದೆಯೇ ಎಂದು ಕಂಪನಿಯವರನ್ನು ಕೇಳಿ, 85%ರ ಗುಟ್ಟು ಅಲ್ಲಿಯೂ ಇರಬಹುದು.

ಇನ್ನೊಂದು ಕೊರತೆ ವಿಧಾನದ್ದೇ: ಒಮ್ಮೆ ಕಲಿತದ್ದನ್ನು ಮಗು ಮರೆಯುವುದೇ ಇಲ್ಲವೆಂದು ಅದರ ಮೂಲ ರೂಪ ಎಣಿಸುತ್ತದೆ. ಗಡಿ ದಾಟಿದ ಪ್ರತಿ ಕೌಶಲಕ್ಕೂ ಮೂರು ವಾರ ಬಿಟ್ಟು ಬರೆದು ಉತ್ತರಿಸುವ ಎರಡು ಪ್ರಶ್ನೆ ಕೊಡಿ. ಎರಡೂ ತಪ್ಪಿದರೆ ಆ ಕೌಶಲದ ಅಂದಾಜನ್ನು ಮತ್ತೆ 0.3ಕ್ಕೆ ತಂದು ಅಭ್ಯಾಸ ಶುರು ಮಾಡಿಸಿ.